ಪವಮಾನನ ಗಂಟು

ಅವತ್ತು ನಡೆದ ಫಜೀತಿಗೆಲ್ಲ ಮೂಲ ಎರಡೇ ಅಕ್ಷರ. ಆತು. ಪುಸ್ತಕದ ಕನ್ನಡದಲ್ಲಿ ಇದನ್ನು ‘ಆಯಿತು’ ಎಂದು ಬರೆಯುತ್ತಾರೆ. ಸೇಡಂ ಕಡೆ ಯಾರಾದರೂ ‘ಆತು’ ಎಂದರೆ ಕೆಲಸ ಮುಗಿಯಿತು ಎಂದೂ ಇರಬಹುದು, ನೀವು ಹೇಳಿದ್ದು ಕಿವಿಗೆ ಬಿತ್ತು, ಇನ್ನು ನೋಡೋಣ ಎಂದೂ ಇರಬಹುದು. ಈ ಎರಡರ ನಡುವೆ ಒಮ್ಮೊಮ್ಮೆ ಒಂದು ಗಳಿಗೆ, ಒಮ್ಮೊಮ್ಮೆ ಒಂದು ಆಯುಷ್ಯ. ಅಲ್ಲಿಯ ಮಂದಿ ಎದುರಿಗಿದ್ದವರ ಮುಖ ನೋಡಿ ಯಾವ ಆತು ಎಂದು ತಿಳಿದುಕೊಂಡು ಸುಖವಾಗಿಯೇ ಇದ್ದರು. ಪವಮಾನ ಹೋಗಿ ಅದನ್ನು ಕಂಪ್ಯೂಟರಿನ ಬಾಯಿಗೆ ಹಾಕಿದ. ಕಂಪ್ಯೂಟರಿಗೆ ನೋಡಲು ಮುಖವಿರಲಿಲ್ಲ.

ಪವಮಾನ ಸೇಡಂನವನು. ಮಳಖೇಡದ ಹತ್ತಿರದ ಒಂದು ಸಿಮೆಂಟ್ ಕಾರ್ಖಾನೆಯ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ, ಅದೂ ಟೆಂಪರರಿ. ಅವನು ಸೇರಿದ ಮೇಲೆ ಅಲ್ಲಿ ಕಂಪ್ಯೂಟರುಗಳು ಬದಲಾದವು, ಕುರ್ಚಿಗಳು ಬದಲಾದವು, ಗೋಡೆಯ ಬಣ್ಣ ಬದಲಾಯಿತು. ಅವನ ಟೆಂಪರರಿ ಮಾತ್ರ ಖಾಯಂ ಆಗಿ ನಿಂತಿತ್ತು. ಮೊಬೈಲು ಇನ್ನೂ ದೊಡ್ಡ ಸಾಹೇಬರ ಕಿಸೆ ಬಿಟ್ಟು ಕೆಳಗಿಳಿಯದ ಕಾಲ ಅದು.

ಲಾರಿ ತೂಗುವ ಕಾಟಾದ ತೂಕ, ಸ್ಟೋರಿನ ಸಾಮಾನು, ಕಲ್ಲುಗಣಿಯ ಲೆಕ್ಕ ಇವೆಲ್ಲ ಕಂಪ್ಯೂಟರಿನಲ್ಲಿ ಬೇರೆಬೇರೆ ಫೈಲುಗಳಾಗಿ ಕೂತಿರುತ್ತಿದ್ದವು. ಅವನ್ನೆಲ್ಲ ಅದುಮಿ, ಒಂದು ಗಂಟು ಮಾಡಿ, ಟೆಲಿಫೋನ್ ತಂತಿಯ ಮೇಲೆ ಹೈದರಾಬಾದಿನ ಹೆಡ್ ಆಫೀಸಿಗೆ ಕಳಿಸಬೇಕು. ಈ ಗಂಟು ಕಟ್ಟುವ ಪ್ರೋಗ್ರಾಮನ್ನು ಪವಮಾನ ತಾನೇ ಬರೆದಿದ್ದ. ಬೇರೆ ಪ್ರೋಗ್ರಾಮುಗಳು ಬೇಕಾದಾಗ ಕರೆದು ಬಳಸುವ ಇಂಥದಕ್ಕೆ ಆ ಕಸುಬಿನವರು ಲೈಬ್ರರಿ ಎನ್ನುತ್ತಾರೆ. ಹೀಗಾಗಿ ಅವನ ತಾಯಿ ವಿಮಲಾಬಾಯಿ, ಮಗ ಲೈಬ್ರರಿಯಲ್ಲಿದ್ದಾನೆ ಎಂದು ಬೀಗರಾಗುವವರಿಗೆಲ್ಲ ಹೇಳಿಟ್ಟಿದ್ದಳು. ಲೈಬ್ರರಿಗೆ ಅವನು ‘ಗಂಟು’ ಎಂದೇ ಹೆಸರಿಟ್ಟಿದ್ದ.

ಹಳೆಯ ಗಂಟಿಗೆ ಒಂದು ಕೆಟ್ಟ ಗುಣವಿತ್ತು. ಒಂದೊಂದು ಫೈಲನ್ನೂ ಇಡಿಯಾಗಿ ನುಂಗಿ, ಆಮೇಲೆ ಅದುಮಿ, ಆಮೇಲೆ ಕಟ್ಟುತ್ತಿತ್ತು; ಅಷ್ಟು ಹೊತ್ತೂ ಕಂಪ್ಯೂಟರನ್ನು ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಲಾರಿಗಳ ಬಿಲ್ಲು ಬರುವುದೂ ಅದೇ ಕಂಪ್ಯೂಟರಿನಿಂದ. ಗಂಟು ಕಟ್ಟಲು ಕೂತಿತೆಂದರೆ ಲಾರಿಗಳ ಸಾಲು ಗೇಟು ದಾಟಿ ರಸ್ತೆಗೆ ಬರುತ್ತಿತ್ತು, ಡ್ರೈವರುಗಳು ಗಂಟು ಕಟ್ಟಿದವನ ವಂಶವನ್ನೆಲ್ಲ ನೆನೆಯುತ್ತಿದ್ದರು. ಹೆಡ್ ಆಫೀಸಿನಿಂದ ಬೈಗುಳ ಬಂತು. ಪವಮಾನ ಚಳಿಗಾಲವೆಲ್ಲ ಕೂತು ಗಂಟಿಗೆ ಹೊಸ ನಡತೆ ಕಲಿಸಿದ. ಇನ್ನು ಮೇಲೆ ಅದು ಫೈಲನ್ನು ಇಡಿಯಾಗಿ ಎತ್ತುವುದಿಲ್ಲ. ಸಣ್ಣ ಧಾರೆಯಾಗಿ ಹರಿಸಿಕೊಂಡು, ಹರಿದಷ್ಟನ್ನು ಅದುಮುತ್ತ, ಅದುಮಿದಷ್ಟನ್ನು ತಂತಿಗೆ ಬಿಡುತ್ತ ಹೋಗುತ್ತದೆ. ಕೆಲಸ ಹೇಳಿದವರನ್ನು ನಿಲ್ಲಿಸಿಕೊಳ್ಳುವುದೂ ಇಲ್ಲ. ಕೇಳಿಸಿತು ಎಂದು ಒಂದು ಮಾತು ಹೇಳಿ, ಹಿಂದಿನಿಂದ ತನ್ನ ಪಾಡಿಗೆ ಕೆಲಸ ನಡೆಸಿ, ಮುಗಿದಾಗ ಗಂಟೆ ಬಾರಿಸುತ್ತದೆ. ಇಂಗ್ಲಿಷ್ ಪುಸ್ತಕದಲ್ಲಿ ಈ ಪದ್ಧತಿಗೆ ಮಾರುದ್ದದ ಹೆಸರಿತ್ತು. ಯಾರೂ ಕಾಯಬೇಕಿಲ್ಲವೆಂದು ಪವಮಾನ ಅದನ್ನು ‘ಕಾಯದ ಹರಿವು’ ಎಂದು ಕರೆದುಕೊಂಡ.

ಹೆಡ್ ಕ್ಲಾರ್ಕ್ ಹಣಮಂತರಾಯರಿಗೆ ಇದನ್ನು ತಿಳಿಸಿ ಹೇಳುವುದು ಗಂಟು ಬರೆದದ್ದಕ್ಕಿಂತ ಕಷ್ಟವಾಯಿತು. ಹಣಮಂತರಾಯರು ತೆಂಗಳಿಯವರು, ಆಫೀಸಿನ ಯಾವ ಕೆಲಸವನ್ನೂ ಕೈ ಹಾಕದೆ ಬಿಟ್ಟವರಲ್ಲ. ಜೋಳದ ಡಬ್ಬಿಯನ್ನು ಗಿರಣಿಯಲ್ಲಿಟ್ಟು ನಾವು ಸಂತೆಗೆ ಹೋಗುವುದಿಲ್ಲವೆ, ಬೀಸಿದ ಮೇಲೆ ಗಿರಣಿಯವನು ಕೂಗುವುದಿಲ್ಲವೆ, ಹಾಗೆಯೇ ಇದು ಎಂದ ಪವಮಾನ. ಅವರು ಬಹಳ ಹೊತ್ತು ಯೋಚಿಸಿದರು.

“ಗಿರಣ್ಯಾಗ ಡಬ್ಬಿ ಬಿಟ್ಟು ಹೋದ್ರ ಅಂವ ಮಂದಿ ಜ್ವಾಳ ಕೂಡಸ್ತಾನಪ,” ಎಂದರು. “ನಾ ಯಾವತ್ತೂ ಮುಂದ ಕುಂತೇ ಬೀಸಿಸ್ಕೊಂಡು ಬರ್ತೀನಿ.”

ಹೊಸ ಗಂಟು ಮೊದಲು ‘ರಿಕ್ವೆಸ್ಟ್ ಅಕ್ಸೆಪ್ಟೆಡ್’ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ಕಾಟಾದ ಗುಮಾಸ್ತ ಮಡಿವಾಳಯ್ಯನೇ ಅದನ್ನು ದಿನಾ ನಡೆಸಬೇಕಾದವನು. ಅಷ್ಟು ಉದ್ದ ಓದುವಷ್ಟರಲ್ಲಿ ಇನ್ನೊಂದು ಲಾರಿ ಬಂದಿರುತ್ತದೆ, ನಮ್ಮ ಮಾತಿನಲ್ಲೇ ಚುಟುಕಾಗಿ ಹಾಕು ಎಂದು ಅವನು ಗಂಟುಬಿದ್ದ. ಹೇಳಿದ್ದನ್ನು ಒಪ್ಪಿಕೊಂಡವರು ನಮ್ಮ ಕಡೆ ಏನನ್ನುತ್ತಾರೆ? ಪವಮಾನ ಎರಡನೆಯ ಯೋಚನೆ ಮಾಡದೆ ‘ಆತು’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿಬಿಟ್ಟ.

ಫಜೀತಿಯಾದ ಆ ದಿನ ಮಧ್ಯಾಹ್ನ ಹೈದರಾಬಾದಿನಿಂದ ರಮೇಶಕುಮಾರ ಸಾಹೇಬರು ಹೊಸ ಗಂಟನ್ನು ನೋಡಲು ಬರುವವರಿದ್ದರು. ಸಾಹೇಬರು ಮೂಲದಲ್ಲಿ ಚಿಂಚೋಳಿಯವರು, ಪವಮಾನನನ್ನು ಖಾಯಂ ಮಾಡುವುದು ಬಿಡುವುದು ಅವರ ಕೈಯಲ್ಲಿತ್ತು. ಅದೇ ಸಂಜೆ ಚಿತ್ತಾಪುರದಿಂದ ರಘೂತ್ತಮರಾಯರು ಸೇಡಂಗೆ ಬರುವವರಿದ್ದರು. ಅವರ ಮಗಳು ಪ್ರಮಿತಾಳನ್ನು ಪವಮಾನ ನೋಡಿ ಬಂದಿದ್ದ. ನಿಮ್ಮ ಲೈಬ್ರರಿಯಲ್ಲಿ ಪುಸ್ತಕ ಎಷ್ಟಿವೆ ಎಂದು ರಾಯರು ಕೇಳಿದಾಗ, ಆ ಹುಡುಗಿ ಒಬ್ಬಳೇ ಬಾಗಿಲ ಹಿಂದೆ ನಕ್ಕಿದ್ದಳು. ಆಮೇಲೆ ಅವನ ಹತ್ತಿರ ಬಂದು, ಅದು ಪ್ರೋಗ್ರಾಮಿನದಲ್ಲವೆ ಎಂದು ಮೆಲ್ಲಗೆ ಕೇಳಿದ್ದಳು. ಅವತ್ತಿನಿಂದ ಪವಮಾನನಿಗೆ ಊಟ ರುಚಿಸುತ್ತಿರಲಿಲ್ಲ. ರಾಯರಿಗೆ ಹುಡುಗನ ಮೇಲೆ ದೂರೇನೂ ಇರಲಿಲ್ಲ, ಟೆಂಪರರಿ ಎಂಬ ಒಂದು ಮಾತು ಬಿಟ್ಟು. ಅವರ ಕೈಯಲ್ಲಿ ವಾಡಿಯ ಇನ್ನೊಂದು ವರ ಇತ್ತು. ರೈಲ್ವೆ ನೌಕರಿ, ಹುಟ್ಟುತ್ತಲೇ ಖಾಯಂ. ಇವತ್ತು ಸಂಜೆಯೊಳಗೆ ಪವಮಾನನದು ಇತ್ಯರ್ಥವಾಗದಿದ್ದರೆ ವಾಡಿಯವರಿಗೆ ಮಾತು ಕೊಡುತ್ತೇವೆ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿ ಕಳಿಸಿದ್ದರು.

ಸಾಹೇಬರು ಬರುವ ಮೊದಲು ಒಮ್ಮೆ ಪರೀಕ್ಷೆ ಮಾಡಿ ನೋಡೋಣ ಎಂದು ಪವಮಾನ ಬೆಳಿಗ್ಗೆಯೇ ಮಡಿವಾಳಯ್ಯನನ್ನು ಕೂಡಿಸಿ, ಯಾವ ಗುಂಡಿ ಒತ್ತಬೇಕೆಂದು ತೋರಿಸಿ, ತಾನು ಚಹಾಕ್ಕೆ ಹೋದ. ಹಾಗೆ ಹೋಗಬಹುದು ಎಂಬುದೇ ಹೊಸ ಪದ್ಧತಿಯ ಸೊಗಸಲ್ಲವೆ. ಮಡಿವಾಳಯ್ಯ ಗುಂಡಿ ಒತ್ತಿದ. ಕಣ್ಣು ಮಿಟುಕಿಸುವುದರೊಳಗೆ ‘ಆತು’ ಬಂತು. ಇಷ್ಟು ದಿನ ಅರ್ಧ ಮಧ್ಯಾಹ್ನ ತಿನ್ನುತ್ತಿದ್ದ ಕೆಲಸ ಇಷ್ಟು ಬೇಗ ಆಗಿದ್ದು ಕಂಡು ಅವನಿಗೆ ಪವಮಾನನ ಮೇಲೆ ನಿಜವಾದ ಗೌರವ ಹುಟ್ಟಿತು. ಟೆಲಿಫೋನ್ ಬೋರ್ಡಿನಲ್ಲಿ ಕೂಡುತ್ತಿದ್ದ ಇಮಾಮ್ಬೀಗೆ ಲೈನು ಬೇಕಿತ್ತು. ಆತೇನ್ರಿ ಎಂದು ಕೇಳಿದಳು, ಆತು ಎಂದ, ಅವಳು ತಂತಿ ಕಿತ್ತಳು.

ಚಹಾದ ಬಟ್ಟಲು ಇನ್ನೂ ಕೈಯಲ್ಲಿರುವಾಗಲೇ ಹೈದರಾಬಾದಿನಿಂದ ಫೋನು ಬಂತು. ಗಂಟು ಅರ್ಧವೇ ಬಂದಿದೆ, ಬಾಯಿ ಕಟ್ಟಿಲ್ಲ, ಬಿಚ್ಚಲು ಹೋದರೆ ಬಿಚ್ಚುವುದೂ ಇಲ್ಲ ಎಂದರು ಆ ಕಡೆಯವರು.

ಪವಮಾನ ಮತ್ತೆ ಕಳಿಸಲು ತಾನೇ ಕೂತ. ಗುಂಡಿ ಒತ್ತಿ, ಆತು ಬಂದ ಮೇಲೆ, ಈ ಸಲ ತಂತಿ ಮುಟ್ಟಬೇಡಿ ಎಂದು ಇಮಾಮ್ಬೀಗೆ ಹೇಳಿ ಬರಲು ಎದ್ದು ಹೋದ. ಅದೇ ಹೊತ್ತಿಗೆ ಹಣಮಂತರಾಯರು ಆ ಕಡೆ ಬಂದರು. ಪರದೆಯ ಮೇಲೆ ಆತು ಎಂದಿದೆ, ಯಂತ್ರದ ಬೆನ್ನು ಮುಟ್ಟಿದರೆ ಬಿಸಿ. ಮೇ ತಿಂಗಳ ಬಿಸಿಲಿನಲ್ಲಿ ಕೆಲಸ ಮುಗಿದ ಯಂತ್ರವನ್ನು ಸುಮ್ಮನೆ ಉರಿಸುತ್ತಾರಲ್ಲ ಎಂದು ಅವರ ಜೀವ ಮರುಗಿತು. ಸ್ವಿಚ್ಚು ಒತ್ತಿ ಆರಿಸಿ, ಮೇಲೊಂದು ಹಸಿ ಟವೆಲ್ ಹಾಸಿದರು. ಪವಮಾನ ತಿರುಗಿ ಬಂದಾಗ ಕಂಪ್ಯೂಟರು ಜ್ವರ ಬಂದವರ ಹಾಗೆ ಹಣೆಗೆ ಬಟ್ಟೆ ಹಾಕಿಕೊಂಡು ಕೂತಿತ್ತು.

ಮೂರನೆಯ ಸಲ ಅವನು ಎದ್ದೇಳಲಿಲ್ಲ. ಯಾರನ್ನೂ ಹತ್ತಿರ ಬಿಡದೆ ಕಾಯುತ್ತ ಕೂತ. ಕಾಯುವ ಅಗತ್ಯವೇ ಇಲ್ಲದ ಪದ್ಧತಿ ಕಂಡುಹಿಡಿದವನು ಬಹಳ ಹೊತ್ತು ಅದರ ಮುಂದೆ ಕಾದ. ಗಂಟು ಪೂರ್ತಿ ಹೋಗಿತ್ತು, ಮುಗಿದಾಗ ಬಾರಿಸಬೇಕಾದ ಗಂಟೆ ಮಾತ್ರ ಬಾರಿಸಲಿಲ್ಲ. ಹುಡುಕಿದರೆ ಸ್ಪೀಕರಿನ ಪ್ಲಗ್ ನೆಲದ ಮೇಲೆ ಬಿದ್ದಿತ್ತು, ಅದರ ಜಾಗದಲ್ಲಿ ಹಣಮಂತರಾಯರ ಕೂಲರಿನ ಪ್ಲಗ್ ಇತ್ತು. ಗಂಟೆ ಬೇಕೋ ಗಾಳಿ ಬೇಕೋ ಎಂದು ಅವರು ಆಫೀಸಿನ ಎಲ್ಲರನ್ನೂ ಕೇಳಿದರು. ಗಾಳಿ ಗೆದ್ದಿತು.

ಇನ್ನು ಉಳಿದದ್ದು ತಿಳಿವಳಿಕೆ ಕೊಡುವ ದಾರಿ. ಪವಮಾನ ಎಲ್ಲರನ್ನೂ ಸೇರಿಸಿ, ಆತು ಅಂದರೆ ಆಗಿಲ್ಲ, ಕೇಳಿಸಿಕೊಂಡಿದ್ದೇನೆ ಎಂದಷ್ಟೇ ಅರ್ಥ ಎಂದು ಬಿಡಿಸಿ ಹೇಳಿದ. ಹಾಗಾದರೆ ಆ ಮಾತನ್ನೇ ತೆಗೆದು ಬೇರೆ ಹಾಕು ಎಂಬ ಸಲಹೆ ಬಂತು. ‘ಹೂಂ’ ಹಾಕೋಣವೆಂದರೆ, ಹೂಂ ಅಂದವರು ಕೇಳಿಸಿಕೊಂಡೇ ಇರುವುದಿಲ್ಲ ಎಂದ ಮಡಿವಾಳಯ್ಯ. ‘ಮಾಡಾಕತ್ತೀನಿ’ ಎಂದು ಹಾಕುತ್ತೇನೆ ಎಂದ ಪವಮಾನ. ಇಮಾಮ್ಬೀ ತಲೆಯಾಡಿಸಿದಳು.

“ಈ ಆಫೀಸ್ನ್ಯಾಗ ಮಾಡಾಕತ್ತೀನಿ ಅಂದ್ರ ಸುರುನೇ ಮಾಡಿಲ್ಲಂತ ಮತಲಬ್ ರೀ,” ಎಂದಳು. “ಅದಕ್ಕಿಂತ ಆತು ಅನ್ನೋದೇ ಖರೇ ಅದ.”

ಎಲ್ಲರೂ ಅದನ್ನೇ ಒಪ್ಪಿದರು. ಮಾತು ಹಾಗೆಯೇ ಉಳಿಯಿತು.

ಆದರೆ ಆ ಸಭೆಯಿಂದ ಆಫೀಸಿನ ಸಂಸಾರ ಕೆಟ್ಟಿತು. ಚಹಾ ಆತೇನು ಎಂದು ಹಣಮಂತರಾಯರು ಕೇಳಿದರೆ, ಕ್ಯಾಂಟೀನಿನ ಸಾಬಮ್ಮ ಆತ್ರಿ ಎಂದಳು. ಯಾವ ಆತು ಎಂದು ಅವರು ಒಳಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆದು ನೋಡಿದರು. ನೀರು ಇನ್ನೂ ತಣ್ಣಗಿತ್ತು. ಇಷ್ಟು ವರ್ಷ ಇದೇ ಆತುವನ್ನು ನಂಬಿ ತಾನು ಕೂತಿದ್ದೆನಲ್ಲ ಎಂದು ಅವರಿಗೆ ಬಹಳ ಕೆಡುಕೆನಿಸಿತು. ಲಾರಿಯವನು ತಾಡಪಾಲು ಬಿಗಿದದ್ದು ಆತು ಎಂದರೆ ಮಡಿವಾಳಯ್ಯ ಹೊರಗೆ ಬಂದು ಹಗ್ಗ ಜಗ್ಗಿ ನೋಡಿದ. ಊಟದ ಹೊತ್ತಿಗೆ ಯಾರ ಮಾತನ್ನೂ ಯಾರೂ ನಂಬದಾಗಿ, ಎಲ್ಲರೂ ಎಲ್ಲರ ಕೆಲಸ ಎದ್ದು ಹೋಗಿ ನೋಡುತ್ತಿದ್ದರು. ಲಾರಿಗಳ ಸಾಲು ಹಳೆಯ ಗಂಟಿನ ಕಾಲಕ್ಕಿಂತಲೂ ಉದ್ದವಾಯಿತು.

ರಮೇಶಕುಮಾರ ಸಾಹೇಬರ ಕಾರು ಆ ಲಾರಿಗಳ ನಡುವೆಯೇ ನುಸುಳಿ ಬಂತು. ಪವಮಾನ ಓಡಿಹೋಗಿ ಬಾಗಿಲು ತೆರೆದ. ಸಾಹೇಬರನ್ನು ಕಂಪ್ಯೂಟರಿನ ಮುಂದೆ ಕೂಡಿಸಿದ. ಅವರೇ ಗುಂಡಿ ಒತ್ತಿದರು, ‘ಆತು’ ಬಂತು.

“ಮುಗೀತೇನು?” ಎಂದು ಸಾಹೇಬರು ಕೇಳಿದರು.

“ಇಲ್ರಿ ಸಾಹೇಬ್ರ. ಈ ಆತು ಅಂದ್ರ, ನಿಮ್ಮ ಮಾತು ಕೇಳ್ಕೊಂಡೀನಿ ಅಂತ. ಕೆಲಸ ಹಿಂದಿಂದ ನಡೀಲಿಕತ್ತದ. ನೀವು ಕಾಯೋದು ಬ್ಯಾಡ, ನಿಮ್ಮ ಕೆಲಸ ನೀವು ನೋಡ್ರಿ. ಆದಾಗ ತಾನೇ ತಿಳಸ್ತದ.”

ಸಾಹೇಬರು ಅದನ್ನೇ ಇನ್ನೊಮ್ಮೆ ಹೇಳಿಸಿ ಕೇಳಿದರು. ಆಮೇಲೆ ಅದೇ ಕಂಪ್ಯೂಟರಿನಲ್ಲಿ ಒಂದು ಲಾರಿಯ ಬಿಲ್ಲು ತೆಗೆಯಲು ಹೇಳಿದರು. ತೆಗೆದ. ಇನ್ನೊಂದು ತೆಗೆಯಲು ಹೇಳಿದರು, ಅದೂ ಬಂತು. ಒಳಗೆ ಗಂಟು ತನ್ನ ಪಾಡಿಗೆ ಹರಿಯುತ್ತಿತ್ತು, ಹೊರಗೆ ಲಾರಿಗಳು ಒಂದೊಂದಾಗಿ ಕದಲಿದವು. ಹಣಮಂತರಾಯರು ಕೂಲರಿನ ಮುಂದೆ ಕೈಕಟ್ಟಿ ನಿಂತು, ಇದೆಲ್ಲ ತಾವು ಹೇಳಿಕೊಟ್ಟ ಗಿರಣಿಯ ಪದ್ಧತಿ ಎಂದು ಮಡಿವಾಳಯ್ಯನಿಗೆ ವಿವರಿಸುತ್ತಿದ್ದರು. ಕಡೆಗೆ ಹೈದರಾಬಾದಿನಿಂದ ಫೋನು ಬಂತು. ಗಂಟು ಪೂರ್ತಿ ಮುಟ್ಟಿದೆ, ಬಿಚ್ಚಿ ನೋಡಿದ್ದೇವೆ, ಎಲ್ಲ ಸರಿಯಿದೆ ಎಂದರು. ಪವಮಾನನಿಗೆ ಕಣ್ಣು ತುಂಬಿ ಬಂತು. ಚಳಿಗಾಲವೆಲ್ಲ ಕೂತದ್ದು ಸಾರ್ಥಕವಾಯಿತು ಎನಿಸಿತು.

ಸಾಹೇಬರು ಕಾರು ಹತ್ತುವಾಗ ಅವನು ಧೈರ್ಯ ಮಾಡಿ ಮುಂದೆ ಹೋಗಿ ನಿಂತ. ಹಿಂದೆ ಇಡೀ ಆಫೀಸು ನಿಂತಿತ್ತು. ಖಾಯಂ ಮಾಡುವ ವಿಷಯವನ್ನು ಅರ್ಧಂಬರ್ಧ ಕೇಳಿದ. ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟರು.

“ಆತು, ಪವಮಾನ,” ಎಂದರು. “ಹೋಗು, ನಿನ್ನ ಕೆಲಸ ನೋಡು.”

ಕಾರು ಗೇಟು ದಾಟುವುದರೊಳಗೆ ಹಣಮಂತರಾಯರು ಅವನ ಕೊರಳಿಗೆ ಬಿದ್ದರು. ಸಾಬಮ್ಮ ಬೆಲ್ಲದ ಚಹಾ ಮಾಡಿದಳು, ಅದು ನಿಜವಾಗಿಯೂ ಆಗಿತ್ತು. ಬೆಳಗಿನಿಂದ ಯಾರ ಆತುವನ್ನೂ ನಂಬದ ಆಫೀಸು ಈ ಒಂದನ್ನು ಮಾತ್ರ ಎದ್ದು ಹೋಗಿ ನೋಡಲಿಲ್ಲ. ದಿನವೆಲ್ಲ ಎರಡು ಆತುಗಳ ವ್ಯತ್ಯಾಸ ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡಿದ್ದ ಪವಮಾನನೂ ನೋಡಲಿಲ್ಲ. ಬೇಕಾದ ಮಾತು ಕಿವಿಗೆ ಬಿದ್ದಾಗ ಯಾರು ತಾನೇ ಅದರ ಅರ್ಥ ಕೇಳುತ್ತಾರೆ.

ಅವನ ಮನೆಯಲ್ಲಿ ಫೋನಿರಲಿಲ್ಲ. ಪಕ್ಕದ ಮನೆಯ ಅಮೃತಮ್ಮನಿಗೆ ಫೋನು ಮಾಡಿ, ನಿಮ್ಮ ಪವಮಾನನದು ಖಾಯಂ ಆತು ಎಂದು ಹಣಮಂತರಾಯರೇ ಸುದ್ದಿ ಮುಟ್ಟಿಸಿದರು. ಆಮೇಲೆ ಪೇಢೆಯ ವಾಸನೆ ಹಿಡಿದು ಅವನ ಜೊತೆ ತಾವೂ ಸೇಡಂ ಬಸ್ಸು ಹತ್ತಿದರು.

ಅವರು ಮನೆ ಮುಟ್ಟಿದಾಗ ಓಣಿಯ ಮಂದಿಯ ಬಾಯೆಲ್ಲ ಸಿಹಿಯಾಗಿತ್ತು. ವಿಮಲಾಬಾಯಿ ಸಿಕ್ಕವರಿಗೆಲ್ಲ ಸಕ್ಕರೆ ಹಂಚುತ್ತಿದ್ದಳು. ಒಳಗೆ ಚಾಪೆಯ ಮೇಲೆ ರಘೂತ್ತಮರಾಯರು, ಅವರ ಹೆಂಡತಿ ಸರಸ್ವತಿಬಾಯಿ ಆಗಲೇ ಬಂದು ಕೂತಿದ್ದರು. ಸರಸ್ವತಿಬಾಯಿಯ ಕೈಯಲ್ಲಿ ತೆಂಗಿನಕಾಯಿ ಇತ್ತು. ಮಗಳಿಗೂ ಮನಸ್ಸಿದೆ ಎಂದು ಅವರು ವಿಮಲಾಬಾಯಿಯ ಕಿವಿಯಲ್ಲಿ ಹೇಳಿದ್ದರಂತೆ. ಅದನ್ನು ತಾಯಿ ಮಗನ ಕಿವಿಯಲ್ಲಿ ಹೇಳಿದಳು. ಪವಮಾನನಿಗೆ ನಿಂತ ನೆಲ ಒಂದು ಗೇಣು ಮೇಲೆದ್ದ ಹಾಗಾಯಿತು.

ರಾಯರು ಮಾತ್ರ ಸಕ್ಕರೆಯನ್ನು ಅಂಗೈಯಲ್ಲೇ ಇಟ್ಟುಕೊಂಡಿದ್ದರು. ಅವರು ಅಂಚೆ ಕಚೇರಿಯಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಪತ್ರ ಡಬ್ಬಿಗೆ ಬಿದ್ದ ಮಾತ್ರಕ್ಕೆ ಮುಟ್ಟಿದ ಹಾಗಲ್ಲ ಎಂಬುದು ಅವರ ಜೀವಮಾನದ ಅನುಭವ. ಆರ್ಡರು ಕೈಗೆ ಬಂತೆ ಎಂದು ಕೇಳಿದರು. ಸಾಹೇಬರು ಬಾಯಿಮಾತಿನಲ್ಲಿ ಹೇಳಿದ್ದಾರೆ ಎಂದ ಪವಮಾನ. ಹಾಗಾದರೆ ಆ ಬಾಯಿಂದಲೇ ಒಂದು ಮಾತು ಕೇಳಿದರೆ ತಮಗೆ ಸಾಕು, ಕಾಯಿ ಕೊಟ್ಟೇ ಹೋಗುತ್ತೇವೆ ಎಂದರು ರಾಯರು. ಅದಕ್ಕೇನು ದೊಡ್ಡ ಮಾತು, ಸಾಹೇಬರ ಮೊಬೈಲ್ ನಂಬರು ತಮಗೆ ಬಾಯಿಪಾಠ ಎಂದು ಹಣಮಂತರಾಯರು ಎದ್ದು ನಿಂತೇಬಿಟ್ಟರು. ಎಲ್ಲರೂ ಮೆರವಣಿಗೆಯಾಗಿ ಅಮೃತಮ್ಮನ ಮನೆಗೆ ಹೋದರು.

ಹಣಮಂತರಾಯರು ನಂಬರು ಒತ್ತಿ ರಿಸೀವರನ್ನು ರಾಯರ ಕೈಗೆ ಕೊಟ್ಟರು. ರಾಯರು ನಮಸ್ಕಾರ ಹೇಳಿ ವಿಷಯ ಕೇಳಿದರು. ಹೌದ್ರಿ ಎಂದರು, ಹೌದ್ರಿ ಎಂದರು, ಆಮೇಲೆ ಸಾಹೇಬರು ಹೇಳಿದ್ದನ್ನೆಲ್ಲ ಕೇಳಿದರು. ಕೊನೆಗೆ ರಿಸೀವರನ್ನು ಪವಮಾನನ ಕಡೆ ಚಾಚಿದರು.

ಸಾಹೇಬರು ತಾಂಡೂರಿನ ಹತ್ತಿರ ಎಲ್ಲೋ ದಾರಿಯಲ್ಲಿದ್ದರು. ಬಹಳ ಖುಷಿಯಲ್ಲಿದ್ದರು.

“ಆತು ಅಂದ್ನಲ್ಲೋ ಪವಮಾನ. ಆತು ಅಂದ್ರ ಕೇಳ್ಕೊಂಡೀನಿ ಅಂತ, ನೀನೇ ಹೇಳ್ದಿ. ಭಾಳ ಛಲೋ ಪದ್ಧತಿ ಅದು. ನಿಂದು ಹಿಂದಿಂದ ನಡೀತಿರ್ತದ, ನೀ ಕಾಯಬ್ಯಾಡ, ನಿನ್ನ ಕೆಲಸ ನೀ ಮಾಡ್ಕೋತ ಇರು. ಆದಾಗ ತಾನೇ ತಿಳೀತದ.”

ಇನ್ನು ಮೇಲೆ ಹೆಡ್ ಆಫೀಸಿನಲ್ಲಿ ರಜೆ, ಬಡ್ತಿ, ಖಾಯಂ ಯಾವುದಕ್ಕೇ ಯಾರು ಬಂದು ನಿಂತರೂ ಇದೇ ಪದ್ಧತಿ ನಡೆಸುವುದೆಂದು ತಾವು ಕಾರಿನಲ್ಲೇ ಗೊತ್ತು ಮಾಡಿದ್ದಾಗಿಯೂ ಹೇಳಿದರು. ಬಾಗಿಲಲ್ಲಿ ಸಾಲು ನಿಲ್ಲುವುದು ತಪ್ಪುತ್ತದೆ ಎಂದರು. ಅಷ್ಟರಲ್ಲಿ ಸಂಪರ್ಕ ಕಡಿದುಹೋಯಿತು.

ಸುಳ್ಳು ಹೇಳಲು ದಾರಿಯಿರಲಿಲ್ಲ, ರಾಯರೇ ಎಲ್ಲ ಕೇಳಿಸಿಕೊಂಡಿದ್ದರು. ಆದರೂ ಪವಮಾನ ಒಂದು ಮಾತು ಹೇಳಿದ. ತಾನು ತಪ್ಪು ತಿಳಿದೆ, ಮೋಸ ಮಾಡುವ ಮನಸ್ಸಿರಲಿಲ್ಲ, ಒಂದಿಷ್ಟು ದಿನ ಕಾದರೆ ಆರ್ಡರು ಬರುತ್ತದೆ ಎಂದ. ದಿನವೆಲ್ಲ ಕಾಯಬೇಡಿ ಎಂದು ಹೇಳಿದವನ ಬಾಯಲ್ಲಿ ಆ ಮಾತು ಅವನಿಗೇ ವಿಚಿತ್ರವಾಗಿ ಕೇಳಿಸಿತು. ರಾಯರು ಅವನ ಮುಖವನ್ನು ಕರುಣೆಯಿಂದ ನೋಡಿದರು, ಅಂಗೈಯ ಸಕ್ಕರೆಯನ್ನು ಅಮೃತಮ್ಮನ ತುಳಸಿಕಟ್ಟೆಯ ಮೇಲೆ ಇರುವೆಗಳಿಗೆ ಬಿಟ್ಟು ಕೈ ಝಾಡಿಸಿಕೊಂಡರು.

“ಆತು ಹಂಗಾರ,” ಎಂದರು. “ಬರ್ತೀವಿ.”

ವಿಮಲಾಬಾಯಿ ಹೊರಗೆ ಮಂದಿಯ ಹಿಂದೆ ನಿಂತಿದ್ದಳು. ಅವಳಿಗೆ ಕೇಳಿಸಿದ್ದು ‘ಆತು’ ಎಂಬ ಮೊದಲಿನ ಮಾತೊಂದೇ. ಅವಳು ಅಲ್ಲಿಂದಲೇ ಮಳಖೇಡದ ಉತ್ತರಾದಿ ಮಠದ ಕಡೆ ತಿರುಗಿ ಕೈ ಮುಗಿದಳು.

ಪವಮಾನ ಅವರ ಚೀಲ ಹಿಡಿದುಕೊಂಡು ಸ್ಟೇಷನ್ನಿನವರೆಗೆ ಹೋದ. ದಾರಿಯುದ್ದಕ್ಕೂ ರಾಯರು ಈ ವರ್ಷದ ಬಿಸಿಲಿನ ಬಗ್ಗೆ ಮಾತಾಡಿದರು. ಪವಮಾನನ ಕಿವಿಯಲ್ಲಿ ಆ ಒಂದು ಆತು ತಿರುಗುತ್ತಿತ್ತು. ಸಿಟ್ಟಿನಲ್ಲಿ ಅಂದಿರಲಿಲ್ಲ. ದನಿ ಮೆತ್ತಗಿತ್ತು. ಸರಿ, ಕಾಯುತ್ತೇವೆ ಎಂಬ ಆತುವೂ ಅದಾಗಬಹುದಿತ್ತು. ಅಂಚೆಯವರು ಕಾಯುವುದಕ್ಕೆ ಒಗ್ಗಿದವರು. ಸರಸ್ವತಿಬಾಯಿಯವರ ಕೈಯಲ್ಲಿ ಕಾಯಿ ಇನ್ನೂ ಹಾಗೆಯೇ ಇತ್ತು, ಅದನ್ನು ಅವರು ಸೆರಗಿನಲ್ಲಿ ಮುಚ್ಚಿಕೊಂಡು ನಡೆಯುತ್ತಿದ್ದರು. ಪ್ರಮಿತಾ ಏನು ಓದುತ್ತಾಳೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಸೇಡಂನಿಂದ ಹೊರಡುವ ಪ್ಯಾಸೆಂಜರು ಮೊದಲು ರಾಯರ ಊರು ಚಿತ್ತಾಪುರ ಮುಟ್ಟುತ್ತದೆ, ಅಲ್ಲಿಂದ ಮುಂದೆ ರೈಲ್ವೆ ವರನ ವಾಡಿ. ರಾಯರು ಟಿಕೀಟಿನ ಕಿಂಡಿಗೆ ಬಾಗಿದರು.

“ವಾಡಿಗಿ ಎರಡು ಕೊಡ್ರಿ,” ಎಂದರು.

ಪವಮಾನ ಚೀಲವನ್ನು ಅವರ ಕೈಗೆ ಕೊಟ್ಟು ನಮಸ್ಕಾರ ಮಾಡಿದ. ಗಾಡಿ ಹೋಗುವವರೆಗೂ ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದು, ಆಮೇಲೆ ಮನೆಗೆ ನಡೆದ.

ವಿಮಲಾಬಾಯಿ ದೇವರ ಮುಂದೆ ತುಪ್ಪದ ದೀಪ ಹಚ್ಚಿ, ಬಾಗಿಲಲ್ಲೇ ನಿಂತಿದ್ದಳು. ರಾಯರು ಖರೇನೇ ಏನಂದರು, ಇನ್ನೊಮ್ಮೆ ಹೇಳು ಎಂದು ಕೇಳಿದಳು.

“ಆತು ಅಂದ್ರಮ್ಮ,” ಎಂದ ಪವಮಾನ. ಕಾಲು ತೊಳೆದುಕೊಳ್ಳಲು ಹಿತ್ತಲಿಗೆ ಹೋದ.